ಒಂದು ಮೋಲ್, ನೂರು ಮೊಟ್ಟೆ

ಮೋಲ್ ಪಾಠ ಶುರು ಮಾಡಿದ ವಾರದಲ್ಲಿ ನನ್ನ ಮರ್ಯಾದೆ ಹೋಗದೇ ಉಳಿದ ವರ್ಷ ಒಂದೂ ಇಲ್ಲ. ಚನ್ನಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಬೇರೆ ಪಾಠಗಳು ಹೇಗೋ ಸಾಗಿಹೋಗುತ್ತವೆ. ಇದೊಂದು ಮಾತ್ರ ಪ್ರತಿ ಜೂನ್‌ನಲ್ಲೂ ಏನಾದರೊಂದು ಎಡವಟ್ಟು ಮಾಡಿಸಿಯೇ ತೀರುತ್ತೆ.

ಪಾಠವೇನೂ ಬ್ರಹ್ಮವಿದ್ಯೆಯಲ್ಲ. ಅಣುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಒಂದೊಂದಾಗಿ ಎಣಿಸೋಕೆ ಆಗಲ್ಲ. ಅದಕ್ಕೇ ದೊಡ್ಡದೊಂದು ಗುಂಪು ಮಾಡಿ ಅದಕ್ಕೆ ಮೋಲ್ ಅಂತ ಹೆಸರಿಟ್ಟಿದ್ದಾರೆ. ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕಿದರೆ ಹೆಚ್ಚುಕಮ್ಮಿ ಅಷ್ಟು ಕಣ. ಎಣಿಸೋ ಬದಲು ತೂಗಬೇಕು, ತೂಕದಿಂದ ಎಷ್ಟಿವೆ ಅಂತ ತಿಳಿಯಬೇಕು. ಇಷ್ಟೇ. ಇಲ್ಲಿ ಎರಡು ನಿಮಿಷದಲ್ಲಿ ಹೇಳಿಬಿಟ್ಟೆ ನೋಡಿ. ಕ್ಲಾಸಿನಲ್ಲಿ ಹೇಳೋಕೆ ಇಪ್ಪತ್ತೆರಡು ವರ್ಷ ಸಾಲಲಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಿ ಒಳ್ಳೇದಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಅದರ ಪಕ್ಕದಲ್ಲೇ ಒಂದು ಕೊಂಕು ಮಾತೂ ಇರುತ್ತೆ. ಯಾವುದು ಮೊದಲು ಆಚೆ ಬರುತ್ತೋ ನನಗೇ ಗೊತ್ತಾಗಲ್ಲ. ಈ ಪ್ರಸಂಗಗಳಲ್ಲಿ ನಗು ಬಂದರೆ ನಗಿ. ನನಗೂ ಬರುತ್ತೆ.

೧. ಡಜನ್ ಸತ್ತ ಸುದ್ದಿ

ಮೋಲ್ ಹೇಳಿಕೊಡೋಕೆ ನನ್ನ ಹತ್ತಿರ ಇದ್ದದ್ದು ಒಂದೇ ಉದಾಹರಣೆ, ಡಜನ್. ನಾನು ಓದುವಾಗ ನನ್ನ ಲೆಕ್ಚರರ್ ಕೊಟ್ಟಿದ್ದು. ಅದನ್ನೇ ಪ್ರತಿವರ್ಷ ಧೂಳು ಕೊಡವಿ ಕೊಡವಿ ಬಳಸುತ್ತಿದ್ದೆ. ಹೋದ ವರ್ಷವೂ ಕೇಳಿದೆ.

“ಒಂದು ಡಜನ್ ಬಾಳೆಹಣ್ಣು ಅಂದರೆ ಎಷ್ಟು?”

ಹಿಂದಿನ ಬೆಂಚಿನಿಂದ ಒಬ್ಬ ಎದ್ದ.

“ಯಾವ ಹಣ್ಣು ಮಿಸ್? ಏಲಕ್ಕಿನಾ, ಪಚ್ಚಬಾಳೆನಾ?”

“ಯಾವುದಾದರೇನು? ಡಜನ್ ಅಂದರೆ ಡಜನ್.”

“ಹಂಗಲ್ಲ ಮಿಸ್. ಏಲಕ್ಕಿ ಆದ್ರೆ ಕೆ.ಜಿ.ಗೆ ಜಾಸ್ತಿ ಬತ್ತವೆ. ಪಚ್ಚಬಾಳೆ ಕಮ್ಮಿ.”

“ನಾನು ಕೆ.ಜಿ. ಕೇಳಿದ್ನಾ? ಡಜನ್ ಕೇಳಿದ್ದು!”

“ಡಜನ್ ಈಗ ಎಲ್ಲೈತೆ ಮಿಸ್?” ಅಂದ. ಇಡೀ ಕ್ಲಾಸು ಹೌದು ಹೌದು ಅಂತ ತಲೆ ಆಡಿಸಿತು.

ನನಗೆ ರೋಷ ಬಂತು. ಇವರ ಮಾತು ಸುಳ್ಳು ಅಂತ ತೋರಿಸೋಕೇ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಹಣ್ಣಿನ ಗಾಡಿಗೆ ಹೋದೆ. “ಒಂದು ಡಜನ್ ಏಲಕ್ಕಿ ಕೊಡಿ” ಅಂದೆ. ಗಾಡಿಯವರು ವಯಸ್ಸಾದ ಸಾಬರು. ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

“ಎಣಿಸ್ತಾ ಕೂತ್ರೆ ಇಲ್ಲೇ ರಾತ್ರಿ ಆಗೋಗ್ತದೆ ಅಮ್ಮಾ. ತೂಕಕ್ಕೆ ಹಾಕ್ತೀನಿ. ಒಂದು ಕೆ.ಜಿ.ಗೆ ಎಷ್ಟು ನಿಲ್ತದೆ ಅಂತ ನಮ್ ಕೈಗೇ ಗೊತ್ತು.”

ಕೈಯಲ್ಲಿದ್ದ ಚೀಲ ಅವರ ಮುಂದೆ ಹಿಡಿದು ಮುಖ ಗಂಟಿಕ್ಕಿಕೊಂಡು ನಿಂತೆ. ನಾನು ಹೇಳಬೇಕಾಗಿದ್ದ ಪಾಠವನ್ನು ಆ ಸಾಬರು ತಕ್ಕಡಿ ಹಿಡಿದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ನನ್ನ ತಲೆಗೆ ಹೋಗಬೇಕಲ್ಲ! ಮನೆಗೆ ಬಂದು ಹಣ್ಣು ಎಣಿಸಿದೆ. ಹದಿಮೂರು ಇದ್ದವು. ಒಂದನ್ನು ತಿಂದು ಹನ್ನೆರಡು ಮಾಡಿ, ನಾನೇ ಗೆದ್ದೆ ಅಂದುಕೊಂಡೆ.

೨. ನನ್ನ ಒಳ್ಳೇ ಜೋಕು

ಅದೇ ಕ್ಲಾಸಿನಲ್ಲಿ ವಿರೂಪಾಕ್ಷಿಪುರದ ಕಡೆಯ ಒಬ್ಬ ಹುಡುಗಿ ಇದ್ದಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆ. ಅಡ್ಮಿಷನ್ ದಿನ ನಾನೇ ಅವಳನ್ನು ಕೇಳಿದ್ದೆ, ಸೈನ್ಸ್ ಯಾಕಮ್ಮಾ ಅಂತ.

“ಮೊಟ್ಟೆ ಕೇಂದ್ರದಲ್ಲಿ ಚಿಟ್ಟೆ ಅರೆದು, ರೋಗ ಐತಾ ಇಲ್ವಾ ಅಂತ ಮೈಕ್ರೋಸ್ಕೋಪಲ್ಲಿ ನೋಡ್ತಾರಲ್ಲ ಮಿಸ್, ಆ ಕೆಲ್ಸ ಮಾಡ್ಬೇಕು” ಅಂದಿದ್ದಳು. ಡಾಕ್ಟರು, ಇಂಜಿನಿಯರು ಅನ್ನೋದನ್ನು ಕೇಳಿ ಕೇಳಿ ಸಾಕಾಗಿದ್ದ ನನಗೆ ಆ ಉತ್ತರ ಬಹಳ ಹಿಡಿಸಿತ್ತು. ಹಿಡಿಸಿತ್ತು ಅಂತ ಅವಳಿಗೆ ಹೇಳಲಿಲ್ಲ, ಅಷ್ಟೇ.

ಡಜನ್ ರಾದ್ಧಾಂತ ಆದ ಮಾರನೇ ದಿನ ಅವಳು ಕೈ ಎತ್ತಿದಳು. ಬೆಲ್ ಆಗೋಕೆ ಐದು ನಿಮಿಷ ಇತ್ತು. ಪೋರ್ಷನ್ ಹಿಂದೆ ಬಿದ್ದಿತ್ತು. ನಾನು ಉರಿಯುತ್ತಿದ್ದೆ.

“ಮಿಸ್, ನಮ್ಮನೇಲಿ ನೂರ್ ಮೊಟ್ಟೆ ತಂದೋ ಅಂತೀವಿ. ಆದ್ರೆ ಇರೋದು ನೂರಲ್ಲ. ಒಂದ್ ಚಿಟ್ಟೆ ಇಕ್ಕಿದ್ದೆಲ್ಲಾ ಸೇರುದ್ರೆ ಒಂದ್ ಮೊಟ್ಟೆ ಅಂತ ಲೆಕ್ಕ. ಅದ್ರಲ್ಲೇ ನಾನೂರು ಐನೂರು ಹುಳ ಬತ್ತವೆ. ನೂರ್ ಮೊಟ್ಟೆ ಅಂದ್ರೆ ಐವತ್ ಸಾವ್ರದ ಹತ್ರ. ಯಾರೂ ಕೂತ್ಕಂಡು ಎಣ್ಸಲ್ಲ, ಆದ್ರೂ ಎಷ್ಟು ಅಂತ ಎಲ್ರಿಗೂ ಗೊತ್ತು. ಮೋಲೂ ಹಂಗೇ ಅಲ್ವಾ ಮಿಸ್?”

ಈಗ ಬರೆಯುವಾಗ ಮೈ ಜುಮ್ಮೆನ್ನುತ್ತೆ. ಎಂಥಾ ಪ್ರಶ್ನೆ! ಬೇರೆ ಯಾರಾದರೂ ಆಗಿದ್ದರೆ ಆ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದು ಸೀಮೆಸುಣ್ಣ ಕೈಗೆ ಕೊಡುತ್ತಿದ್ದರು. ನಾನು ಏನಂದೆ ಗೊತ್ತಾ?

“ಏನಮ್ಮಾ, ಹುಳದ ಮನೆಯನ್ನೇ ತಲೆ ಮೇಲೆ ಹೊತ್ಕೊಂಡು ಬಂದಿದ್ದೀಯಾ? ಇದು ಕೆಮಿಸ್ಟ್ರಿ. ಹುಳದ ಲೆಕ್ಕ ಹುಳಕ್ಕೆ ಹೇಳು. ತಪ್ಪು, ಕೂತ್ಕೋ.”

ಕ್ಲಾಸೆಲ್ಲಾ ಗೊಳ್ ಅಂತ ನಕ್ಕಿತು. ನಾನೂ ನಕ್ಕೆ. ಜೋಕು ಎಷ್ಟು ಚೆನ್ನಾಗಿತ್ತು ಅಂದರೆ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಾಗ ಇನ್ನೊಂದು ಸಲ ಹೇಳಿದೆ. ಅಲ್ಲೂ ನಕ್ಕರು. ಮಾರನೇ ದಿನದಿಂದ ಗಂಡು ಹುಡುಗರು ಅವಳನ್ನು “ನೂರ್ ಮೊಟ್ಟೆ” ಅಂತ ಕರೆಯೋಕೆ ಶುರು ಮಾಡಿದರು. ಅವಳು ಹಾಜರಿಗೆ “ಎಸ್ ಮಿಸ್” ಅನ್ನೋದು ಬಿಟ್ಟರೆ ನನ್ನ ಕ್ಲಾಸಿನಲ್ಲಿ ಬಾಯಿಬಿಡಲಿಲ್ಲ. ಎಷ್ಟು ಶಿಸ್ತಿನ ಹುಡುಗಿ ಅಂತ ನಾನು ಖುಷಿಪಟ್ಟೆ.

೩. ಸಮ ಮಾಡಿದ್ದು

ಆ ತಿಂಗಳೇ ಕಾಲೇಜು ಆಡಳಿತ ಮಂಡಳಿಯ ಅಧ್ಯಕ್ಷರು ಲ್ಯಾಬ್ ನೋಡೋಕೆ ಬರುತ್ತಾರೆ ಅಂತಾಯಿತು. ನಾನೊಂದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಒಂದು ಮೋಲ್ ಉಪ್ಪು, ಅಂದರೆ ಐವತ್ತೆಂಟೂವರೆ ಗ್ರಾಂ. ಇನ್ನೊಂದರಲ್ಲಿ ಒಂದು ಮೋಲ್ ಸಕ್ಕರೆ, ಮುನ್ನೂರ ನಲವತ್ತೆರಡು ಗ್ರಾಂ. ಸಕ್ಕರೆಯ ಅಣು ದಪ್ಪ, ಅದಕ್ಕೇ ತೂಕ ಜಾಸ್ತಿ. ಸಂಖ್ಯೆ ಒಂದೇ, ರಾಶಿ ಬೇರೆ ಬೇರೆ. ಇಡೀ ಪಾಠದ ಪ್ರಾಣ ಅಷ್ಟರಲ್ಲೇ ಇದೆ. ಹುಡುಗರಿಗೂ ಹಾಗೆಂದೇ ಹೇಳಿದೆ. ಮೇಜಿನ ಪಕ್ಕ ನಿಲ್ಲೋಕೆ ವಿರೂಪಾಕ್ಷಿಪುರದ ಹುಡುಗಿಯನ್ನು ಹಾಕಿದೆ, ಹೇಗೂ ಮಾತಾಡಲ್ಲ ಅಂತ.

ಪ್ರಿನ್ಸಿಪಾಲರು, ಅಧ್ಯಕ್ಷರು ಬರುವ ಹೊತ್ತಿಗೆ ನಾನು ಸೀರೆ ಸೆರಗು ಸರಿ ಮಾಡಿಕೊಂಡು ಮೇಜಿನ ಹತ್ತಿರ ಬಂದರೆ, ಎರಡೂ ರಾಶಿ ಅಳತೆ ಇಟ್ಟ ಹಾಗೆ ಒಂದೇ ಸಮ!

ಅಟೆಂಡರ್ ಬಾಗಿಲ ಹತ್ತಿರ ಹೆಮ್ಮೆಯಿಂದ ನಿಂತಿದ್ದ. ಕಣ್ಣಲ್ಲೇ ಕೇಳಿದೆ. ಹತ್ತಿರ ಬಂದು ಮೆಲ್ಲಗೆ ಅಂದ.

“ಸಕ್ಕರೆ ಬೆಟ್ಟದಂಗೆ ಇತ್ತು, ಉಪ್ಪು ಒಸಿನೇ ಇತ್ತು ಮೇಡಂ. ಎರಡಕ್ಕೂ ಒಂದ್ ಮೋಲ್ ಅಂತ ಚೀಟಿ ಅಂಟ್ಸಿದ್ದೀರಿ. ಅಧ್ಯಕ್ಷರು ಕಂಡ್ರೆ ಏನಂದ್ಕತ್ತಾರೆ? ಸಮ ಮಾಡ್ಬುಟ್ಟೆ.”

“ಮಿಕ್ಕಿದ ಸಕ್ಕರೆ?”

“ಅವ್ರಿಗೇ ಕಾಫಿ ಕಾಯಿಸ್ಬುಟ್ಟೆ.”

ಅಷ್ಟರಲ್ಲಿ ಅಧ್ಯಕ್ಷರು ಮೇಜಿಗೆ ಬಂದರು. ಚೀಟಿ ಓದಿದರು, ರಾಶಿ ನೋಡಿದರು, ಬಹಳ ಸಂತೋಷಪಟ್ಟರು. “ಇದೂ ಒಂದ್ ಮೋಲು, ಅದೂ ಒಂದ್ ಮೋಲು. ಎರಡೂ ಸಮ. ವಿಜ್ಞಾನ ಅಂದ್ರೆ ಹಿಂಗೆ ನೇರವಾಗಿರ್ಬೇಕು ಮೇಡಂ” ಅಂದರು. ನಾನು ಏನಂದೆ? “ಹೌದು ಸಾರ್” ಅಂದೆ. ಹದಿನಾರು ವರ್ಷದ ಹುಡುಗಿಗೆ ತಪ್ಪು, ಕೂತ್ಕೋ ಅನ್ನೋಕೆ ಒಂದು ಕ್ಷಣವೂ ಯೋಚಿಸದ ನನ್ನ ಬಾಯಿ, ಅಧ್ಯಕ್ಷರ ಮುಂದೆ ಬೀಗ ಹಾಕಿಕೊಂಡಿತು. ನನ್ನ ಕೋಪ ತಗ್ಗಿನ ಕಡೆಗೇ ಹರಿಯೋದು ಅಂತ ಅವತ್ತು ನನಗೆ ಗೊತ್ತಾಯಿತು.

ಅವರು ಹೋದಮೇಲೆ ಹುಡುಗಿಯ ಮೇಲೆ ಹರಿಹಾಯ್ದೆ.

“ಅವನು ಸಕ್ಕರೆ ತೆಗೆಯೋದನ್ನ ನೋಡ್ತಾ ನಿಂತಿದ್ಯಲ್ಲ, ನನ್ನನ್ನ ಕರೆಯೋಕೆ ಏನಾಗಿತ್ತು?”

“ಮೊದ್ಲು ತಪ್ಪು ಅನ್ನಿಸ್ತು ಮಿಸ್, ಬೈತೀರೇನೋ ಅಂತ ಕರೀನಿಲ್ಲ. ಆಮೇಲೆ ಅವ್ರು ಸಮ ಇದ್ರೇನೇ ಸರಿ ಅಂದ್ರು, ನೀವೂ ಹೌದು ಸಾರ್ ಅಂದ್ರಿ. ನಾನೇ ತಪ್ಪು ತಿಳ್ಕಂಡಿರ್ಬೇಕು ಅನ್ಕಂಡೆ.”

ಅಟೆಂಡರ್ ಕಾಫಿ ತಂದುಕೊಟ್ಟ. ಪಾಯಸದ ಹಾಗಿತ್ತು. ಕುಡಿದೆ.

೪. ಹೊಡೆದು ಹಾಕಿದ ಉತ್ತರ

ಮೊದಲ ಟೆಸ್ಟ್ ಬಂತು. ಮೋಲ್ ಎಂದರೇನು ಅಂತ ಒಂದು ಪ್ರಶ್ನೆ ಇತ್ತು. ಒಬ್ಬ “ಮೋಲ್ ಎಂದರೆ ಹನ್ನೆರಡು ಬಾಳೆಹಣ್ಣು” ಅಂತ ಬರೆದಿದ್ದ. ಅವನ ಪಕ್ಕದವನು “ಹದಿಮೂರು ಇದ್ದರೂ ಇರಬಹುದು” ಅಂತ ಸೇರಿಸಿದ್ದ. ಮನೆಯಲ್ಲಿ ನಾನು ಎಣಿಸಿದ್ದು ಅವನಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಮತ್ತೊಬ್ಬಳು “ಮೋಲ್ ಎಂದರೆ ಉಪ್ಪು ಮತ್ತು ಸಕ್ಕರೆ ಸಮನಾಗಿರುವುದು, ಅಧ್ಯಕ್ಷರು ಒಪ್ಪಿದ್ದಾರೆ” ಅಂತ ಬರೆದಿದ್ದಳು. ಆ ಪೇಪರನ್ನು ಎದುರಿಗಿಟ್ಟುಕೊಂಡು ನಕ್ಕೆ, ಆಮೇಲೆ ಒಬ್ಬಳೇ ಹಣೆ ಚಚ್ಚಿಕೊಂಡೆ.

ಆಮೇಲೆ ವಿರೂಪಾಕ್ಷಿಪುರದ ಹುಡುಗಿಯ ಪೇಪರ್ ಬಂತು. ಮೂವತ್ತಾರು ಗ್ರಾಂ ನೀರಿನಲ್ಲಿ ಎಷ್ಟು ಅಣು ಇವೆ ಅನ್ನೋ ಲೆಕ್ಕ. ಹದಿನೆಂಟು ಗ್ರಾಂ ಒಂದು ಮೋಲ್, ಆದ್ದರಿಂದ ಇದು ಎರಡು ಮೋಲ್ ಅಂತ ಬರೆದು, ಉತ್ತರ ಸರಿಯಾಗಿ ತೆಗೆದಿದ್ದಳು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲಿ, “ಎರಡು ಸಲ ನೂರು ಮೊಟ್ಟೆ ತಂದ ಹಾಗೆ.” ಆಮೇಲೆ ಸ್ಕೇಲ್ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಇಡೀ ಲೆಕ್ಕವನ್ನು ಹೊಡೆದು ಹಾಕಿದ್ದಳು.

ಗೆರೆ ಕೆಳಗೆ ಉತ್ತರ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಐದಕ್ಕೆ ಐದು ಕೊಡಬಹುದಾದ ಉತ್ತರ. ಆದರೆ ಹೊಡೆದು ಹಾಕಿದ್ದಕ್ಕೆ ಅಂಕ ಇಲ್ಲ ಅನ್ನೋ ನಿಯಮ ಇದೆಯಲ್ಲ, ನಾನು ನಿಯಮದ ಪಕ್ಕಾ ಮನುಷ್ಯಳು. ದುಂಡಗೆ ಸೊನ್ನೆ ಹಾಕಿದೆ. ನಾಲ್ಕು ಅಂಕಕ್ಕೆ ಫೇಲಾದಳು. ಇಪ್ಪತ್ತಮೂರು ಸೊನ್ನೆ ಬರೆಯುವಾಗ ಸದಾ ಒಂದೆರಡು ತಪ್ಪುವವಳು ನಾನು. ಆ ಒಂದು ಸೊನ್ನೆಯನ್ನು ಮಾತ್ರ ಬಹಳ ನೀಟಾಗಿ ಬರೆದೆ.

೫. ಜ್ವರದಿಂದ ಎದ್ದ ಹುಳ

ಟೆಸ್ಟ್ ಆದ ವಾರ ಅವಳ ಅಪ್ಪ ಸ್ಟಾಫ್ ರೂಮಿಗೆ ಬಂದರು. ಅಂಗಿ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕಲೆ. ಕೈಯಲ್ಲೊಂದು ಅರ್ಜಿ. ಮಗಳು ಬಾಗಿಲಾಚೆ ನಿಂತಿದ್ದಳು.

“ಹುಳ ಪೊರೆ ಬುಟ್ಟು ನಾಲ್ಕ್ನೇ ಜ್ವರದಿಂದ ಎದ್ದವೆ ಮೇಡಮ್ನೋರೇ. ಸೊಪ್ಪಿಗೆ ಬಾಯಿ ಬುಟ್ಕಂಡು ಕಾಯ್ತಾ ಅವೆ. ಬೇಗ ಒಂದ್ ಸೈನ್ ಹಾಕ್ಬುಡಿ.”

ಅರ್ಜಿ ನೋಡಿದೆ. ಸೈನ್ಸಿನಿಂದ ಆರ್ಟ್ಸಿಗೆ ಬದಲಾವಣೆ. ಅದಕ್ಕೆ ಕೊಟ್ಟಿದ್ದ ಗಡುವು ಇನ್ನೊಂದೇ ದಿನ ಇತ್ತು. ಯಾಕೆ ಅಂತ ಕೇಳಿದೆ.

“ಫೇಲಾಗವ್ಳಲ್ಲ. ಕೆಮಿಸ್ಟ್ರಿ ನನ್ ತಲೆಗೆ ಹತ್ತಲ್ಲ ಕಣಪ್ಪಾ ಅಂತವ್ಳೆ. ಆ ಮೋಲೋ ಏನೋ, ಅದು ಅಷ್ಟು ಕಷ್ಟದ್ದಾ ಮೇಡಂ?”

ನಾನು ಪಾಪ, ಇವರಿಗೇನು ಅರ್ಥವಾದೀತು ಅಂದುಕೊಂಡು ನಿಧಾನಕ್ಕೆ ಹೇಳಿದೆ. ಎಣಿಸೋಕಾಗಲ್ಲ, ಅದಕ್ಕೆ ತೂಗ್ತೀವಿ ಅಂದೆ. ಅಷ್ಟಕ್ಕೇ ಅವರು ಕೈ ಅಡ್ಡ ಹಿಡಿದರು.

“ರೇಷ್ಮೆ ಗೂಡ್ನ ಯಾವನ್ ಎಣ್ಸಾನು ಮೇಡಂ? ಒಂದ್ ಕೆ.ಜಿ.ಗೆ ಎಷ್ಟು ನಿಲ್ತವೆ ಅಂತ ನೋಡ್ಕಂಡ್ರೆ ಆಯ್ತು, ಮಿಕ್ಕಿದ್ದು ತಕ್ಕಡಿನೇ ಹೇಳ್ತದೆ. ಇಷ್ಟೇಯಾ? ಇದ್ನ ಮಗ್ಳು ಮೊದಲ್ನೇ ವಾರನೇ ಮನೇಲಿ ಹೇಳಿದ್ಲು. ನಮ್ ಮೊಟ್ಟೆ ಲೆಕ್ಕ ಇದ್ದಂಗೇ ಐತೆ ಕಣಪ್ಪಾ ಅಂತ ಕುಣೀತಿದ್ಲು. ಮಾರ್ನೇ ದಿನ ಬಂದು, ಇಲ್ಲ ಕಣಪ್ಪಾ, ಅದು ತಪ್ಪಂತೆ, ಮಿಸ್ಸು ಅಂದ್ರು ಅಂದ್ಲು. ನಂಗೂ ಬೇಜಾರಾಯ್ತು. ನಮ್ ಲೆಕ್ಕ ಓದಿದೋರಿಗೆ ಹೆಂಗ್ ಸರಿಹೋಯ್ತದೆ, ಬುಡು ಅಂದೆ.”

ಕಾಫಿ ಜೊತೆ ನನ್ನ ಜೋಕಿಗೆ ನಕ್ಕವರೆಲ್ಲ ಅಲ್ಲೇ ಇದ್ದರು. ಆ ಕ್ಷಣ ನಾನು ಎದ್ದು, ಅವಳು ಹೇಳಿದ್ದೇ ಸರಿ ಕಣಪ್ಪಾ, ತಪ್ಪು ನಂದು, ಈ ಅರ್ಜಿ ಹರಿದು ಹಾಕಿ ಅನ್ನಬೇಕಿತ್ತು. ಬಾಗಿಲಾಚೆ ನಿಂತವಳು ಅಷ್ಟು ಕೇಳಿಸಿಕೊಂಡಿದ್ದರೆ ಸಾಕಿತ್ತು. ಅಷ್ಟು ಜನರ ಮುಂದೆ ಹೇಗೆ ಹೇಳೋದು ಅನ್ನೋ ದರಿದ್ರ ನಾಚಿಕೆ.

“ಸೊಪ್ಪಿಗೆ ಹೊತ್ತಾಯ್ತು ಮೇಡಂ” ಅಂದರು ಅವರು.

ಸೈನ್ ಹಾಕಿದೆ. ಆಮೇಲೆ ಅವರು ನನಗೇ ಸಮಾಧಾನ ಹೇಳಿದರು. “ನೀವೇನ್ ಬೇಜಾರ್ ಮಾಡ್ಕಬ್ಯಾಡಿ. ನಿಮ್ಮಂಥೋರು ಅಷ್ಟು ಕಷ್ಟಪಟ್ಟು ಹೇಳ್ಕೊಟ್ರೂ ಅವ್ಳಿಗೆ ಹತ್ನಿಲ್ಲ ಅಂದ್ರೆ ಏನ್ ಮಾಡಕಾಯ್ತದೆ?”

೬. ಬಸ್ಸಿನ ಅಕ್ಕ

ನಾನಿರೋದು ರಾಮನಗರದಲ್ಲಿ, ಗೂಡಿನ ಮಾರ್ಕೆಟ್ಟಿನಿಂದ ಎರಡು ರಸ್ತೆ ಆಚೆ. ಮೈಸೂರಿನಲ್ಲಿ ಬೆಳೆದವಳು. ಇಪ್ಪತ್ತೆರಡು ವರ್ಷ ಆ ಮಾರ್ಕೆಟ್ಟಿನ ಮುಂದೆ ಮೂಗಿಗೆ ಸೆರಗು ಹಿಡಿದುಕೊಂಡೇ ಓಡಾಡಿದ್ದೆ. ಆ ಸಲದ ಬೇಸಿಗೆ ರಜೆಯಲ್ಲಿ ಮೊದಲ ಸಲ ಒಳಗೆ ಹೋದೆ. ಜಾಲರಿ ತುಂಬಾ ಗೂಡು, ತಕ್ಕಡಿ ಮುಂದೆ ಜನ. ನೂಲು ಬಿಚ್ಚೋ ಒಬ್ಬ ರೀಲರ್ ಒಂದು ಹಿಡಿ ಗೂಡು ಎತ್ತಿ, ಅಂಗೈಯಲ್ಲೇ ತೂಗಿ ನೋಡಿ, ಕೆ.ಜಿ.ಗೆ ಎಷ್ಟು ನಿಲ್ಲುತ್ತವೆ ಅಂತ ಹೇಳಿಬಿಟ್ಟ. ನಾನು ಅಲ್ಲೇ ಒಂದು ಕಂಬಕ್ಕೆ ಒರಗಿ ನಿಂತುಬಿಟ್ಟೆ. “ಗೂಡು ಮಾರೋಕೆ ಬಂದ್ರಾ ಅಮ್ಮಾ?” ಅಂತ ಒಬ್ಬರು ಕೇಳಿದರು. ಕಲಿಯೋಕೆ ಬಂದೆ ಅನ್ನೋ ಧೈರ್ಯ ಆಗಲಿಲ್ಲ.

ಈ ವರ್ಷ ಜೂನ್‌ನಲ್ಲಿ ಹೊಸ ಕ್ಲಾಸಿಗೆ ಹೋದವಳೇ ಡಜನ್ ಗಿಜನ್ ಎಲ್ಲಾ ಬಿಟ್ಟು, ನೂರು ಮೊಟ್ಟೆ ಲೆಕ್ಕ ಹೇಳೋಕೆ ಶುರು ಮಾಡಿದೆ. ಈಗ ನೋಡಿ ಮುಖಗಳು ಹೇಗೆ ಅರಳುತ್ತವೆ ಅಂತ ತಿರುಗಿದರೆ ಮೂರನೇ ಬೆಂಚಿನಲ್ಲಿ ನಾಲ್ಕು ಹುಡುಗಿಯರು ಆಕಳಿಸುತ್ತಿದ್ದಾರೆ!

“ಏನು, ನಿದ್ದೆನಾ?”

“ಇಲ್ಲ ಮಿಸ್. ಇದು ಬರ್ತದೆ ನಮ್ಗೆ. ಬಸ್ಸಲ್ಲಿ ಅಕ್ಕ ಹೇಳ್ಕೊಟ್ಟವ್ರೆ.”

“ಯಾವ ಅಕ್ಕ?”

“ವಿರೂಪಾಕ್ಷಿಪುರದ ಬಸ್ಸಲ್ಲಿ ಬತ್ತಾರೆ ಮಿಸ್. ಸೆಕೆಂಡ್ ಇಯರ್ ಆರ್ಟ್ಸ್ ಅಕ್ಕ. ಸೀಟ್ ಸಿಕ್ಕಿದ್ ದಿನ ಲೆಕ್ಕನೂ ಮಾಡಿಸ್ತಾರೆ.”

ಒಬ್ಬಳು ತಡೆಯಲಾರದೆ ಸೇರಿಸಿದಳು. “ಮಿಸ್ ಹತ್ರ ಮಾತ್ರ ನಾನ್ ಹೇಳ್ಕೊಟ್ಟೆ ಅನ್ಬ್ಯಾಡ್ರಿ, ಬೈತಾರೆ ಅಂದವ್ರೆ.”

ಸೀಮೆಸುಣ್ಣ ಅಲ್ಲೇ ಇಟ್ಟೆ. ಮೆಟ್ಟಿಲು ಹತ್ತಿ ಆರ್ಟ್ಸ್ ಕ್ಲಾಸಿನ ಬಾಗಿಲಿಗೆ ಹೋದೆ. ಹಿಸ್ಟರಿ ಲೆಕ್ಚರರ್ ಪಾಠ ಮಾಡುತ್ತಿದ್ದರು. ಎರಡು ನಿಮಿಷ ಕೊಡಿ ಸಾರ್ ಅಂದೆ. ಈ ಸಲವೂ ಒಬ್ಬಳನ್ನೇ ಹೊರಗೆ ಕರೆದು ಪಿಸುಗುಟ್ಟಿದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು. ಅರವತ್ತು ಜನರ ಮುಂದೆ ನಗಿಸಿದ್ದು, ಅರವತ್ತು ಜನರ ಮುಂದೆಯೇ ಹೇಳಬೇಕು.

ಹುಡುಗಿ ಎದ್ದು ನಿಂತಳು. ಹೆದರಿದ್ದಳು.

“ಹೋದ ವರ್ಷ ನೀನು ಮೊಟ್ಟೆ ಲೆಕ್ಕ ಹೇಳಿದೆಯಲ್ಲ, ಅದು ಸರಿ ಇತ್ತು. ತಪ್ಪು ಅಂದಿದ್ದು ನನ್ನ ತಪ್ಪು. ಟೆಸ್ಟಲ್ಲಿ ನಿನ್ನ ಉತ್ತರ ಸರಿ ಅಂತ ಗೊತ್ತಿದ್ದೂ ಸೊನ್ನೆ ಕೊಟ್ಟೆ. ನೀನು ಸೈನ್ಸ್ ಬಿಟ್ಟಿದ್ದು ನನ್ನಿಂದ. ಕ್ಷಮಿಸಮ್ಮಾ.”

ಇನ್ನು ವಿಭಾಗ ಬದಲಾಯಿಸೋಕೆ ಆಗಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

“ಅದು ಪೂರ್ತಿ ಸರಿ ಇರ್ನಿಲ್ಲ ಮಿಸ್” ಅಂದಳು.

“ಏನು?”

“ನೂರ್ ಮೊಟ್ಟೇಲಿ ಒಂದ್ಸಲ ನಲವತ್ ಸಾವ್ರ ಹುಳ ಬತ್ತವೆ, ಒಂದ್ಸಲ ಐವತ್ತು. ಹೆಚ್ಚುಕಮ್ಮಿ ಆಯ್ತದೆ. ಮೋಲಲ್ಲಿ ಹಂಗಾಗಂಗಿಲ್ಲ. ಯಾವಾಗ್ಲೂ ಅಷ್ಟೇ ಇರ್ಬೇಕು. ಆಮೇಲೆ ಪುಸ್ತಕ ಓದ್ತಾ ಗೊತ್ತಾಯ್ತು.”

“ಯಾವ ಪುಸ್ತಕ?”

“ಕೆಮಿಸ್ಟ್ರಿದು ಮಿಸ್. ವಾಪಸ್ ಕೊಡ್ನಿಲ್ಲ, ಇಟ್ಕಂಡಿವ್ನಿ.”

ನನ್ನ ಉದಾಹರಣೆ ಎಲ್ಲಿ ಕೆಡುತ್ತೆ ಅಂತ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಬಾಯಿ ಬಿಟ್ಟುಕೊಂಡು ಪೆದ್ದಿಯ ಹಾಗೆ ನಿಂತಿದ್ದೆನೋ ಏನೋ, ಕ್ಲಾಸೆಲ್ಲಾ ಗೊಳ್ ಅಂತ ನಕ್ಕಿತು. ಹಿಸ್ಟರಿ ಸಾರೂ ನಕ್ಕರು.

ಹುಡುಗಿ ಸರಕ್ಕನೆ ಹಿಂದಕ್ಕೆ ತಿರುಗಿದಳು. “ಯಾಕ್ರೋ ನಗ್ತೀರಾ? ಗೊತ್ತಾಗ್ದೇ ಇರೋರ್ನ ನೋಡಿ ನಗಬ್ಯಾಡ್ರಿ.”

ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ ಕೇಳಿದಳು.

“ಅರ್ಥ ಆಯ್ತಾ ಮಿಸ್? ಆಗ್ನಿಲ್ಲ ಅಂದ್ರೆ ಹೇಳಿ, ಇನ್ನೊಂದ್ಸಲ ಹೇಳ್ತೀನಿ.”